ಕವಿತಾ ಎನ್., ಕವಿತಾ ದೇಸಾಯಿ: ಮದುವೆ, ಕಚೇರಿ ಮತ್ತು ಹೆಸರಿನ ಒಂದು ಪ್ರಕರಣ

ಬೆಂಗಳೂರಿನ ಒಂದು ಸ್ಟ್ರಕ್ಚರಲ್ ಎಂಜಿನಿಯರಿಂಗ್ ಸಂಸ್ಥೆಯಲ್ಲಿ 2023ರಲ್ಲಿ ನಡೆದ ಪ್ರಕರಣ ಇದು. ಇಂಥ ಸಣ್ಣ, ಮಧ್ಯಮ ಗಾತ್ರದ ಕಚೇರಿಗಳ ಸಿಬ್ಬಂದಿ ಕಡತ, ಸಂಬಳ, ಪಿಎಫ್ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಗುರುತು ಸಿಗಬಾರದೆಂದು ಹೆಸರುಗಳನ್ನು ಬದಲಿಸಿದ್ದೇನೆ. ಬೇರೆ ಕಡತಗಳಲ್ಲಿ ಕಂಡ ಕೆಲವು ವಿವರಗಳನ್ನೂ ಇದಕ್ಕೆ ಸೇರಿಸಿದ್ದೇನೆ. ನಿಯಮ, ಗಡುವು, ಶುಲ್ಕಗಳು ಮಾತ್ರ ಆಗ ಇದ್ದ ಹಾಗೆಯೇ ಇವೆ. ಮದುವೆಯಾದ ಹೆಣ್ಣುಮಗಳು ಕೆಲಸದ ಜಾಗದಲ್ಲಿ ಹೆಸರು ಬದಲಿಸಿಕೊಳ್ಳಬೇಕೇ ಎಂಬ ಚರ್ಚೆ ಸಾಮಾನ್ಯವಾಗಿ ಸ್ವಾಭಿಮಾನ, ಸಂಪ್ರದಾಯ ಎಂಬ ಎರಡು ಮಾತಿನಲ್ಲೇ ಮುಗಿದುಹೋಗುತ್ತದೆ. ನಾನು ಕಂಡಂತೆ, ಆ ಪ್ರಶ್ನೆ ಆಕೆಯ ಮುಂದೆ ಬರುವಷ್ಟರಲ್ಲಿ ಅರ್ಧ ಉತ್ತರವನ್ನು ಬೇರೆ ಯಾರೋ ಬರೆದು ಮುಗಿಸಿರುತ್ತಾರೆ.

ಕವಿತಾ ಹಾಸನ ಜಿಲ್ಲೆಯವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕವಿತಾ ಎನ್.’ ಎಂದಿದೆ. ಎನ್ ಎಂದರೆ ನಾಗರಾಜ, ತಂದೆಯ ಹೆಸರು. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಈ ಸಂಸ್ಥೆ ಸೇರಿದರು. ಕಟ್ಟಡದ ನಕ್ಷೆಯ ಮೂಲೆಯಲ್ಲಿ ವಿನ್ಯಾಸ ಮಾಡಿದವರ, ಪರಿಶೀಲಿಸಿದವರ ಹೆಸರು ಬರೆಯುವ ಪಟ್ಟಿಯೊಂದು ಇರುತ್ತದೆ. ಮೊದಮೊದಲು ಅದರಲ್ಲಿ ಇವರ ಹೆಸರು ಮೇಲಿನ ಸಾಲಿನಲ್ಲಿ, ಚಿಕ್ಕದಾಗಿ ಇರುತ್ತಿತ್ತು. ಕ್ರಮೇಣ ಕೆಳಗಿನ ಸಾಲಿಗೆ, ಅಂದರೆ ಜವಾಬ್ದಾರಿ ಹೊರುವ ಸಹಿಯ ಜಾಗಕ್ಕೆ ಇಳಿಯಿತು. ಪಾಲಿಕೆಯಲ್ಲಿ ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರ್ ಎಂಬ ಪರವಾನಗಿ ಸಂಖ್ಯೆಯ ರಬ್ಬರ್ ಮೊಹರೂ ಬಂತು. ಗುತ್ತಿಗೆದಾರರು ಫೋನ್ ಮಾಡಿ ‘ಕವಿತಾ ಎನ್ ಅವರು ನೋಡಿದ್ದಾರಾ?’ ಎಂದು ಕೇಳುವಷ್ಟರ ಮಟ್ಟಿಗೆ ಆ ಒಂದಕ್ಷರ ಹೆಸರಿಗೆ ಅಂಟಿಕೊಂಡಿತ್ತು.

2023ರ ಜನವರಿಯಲ್ಲಿ ಧಾರವಾಡದ ಪ್ರಸನ್ನ ದೇಸಾಯಿ ಅವರೊಂದಿಗೆ ಮದುವೆಯಾಯಿತು. ಇಲ್ಲಿ ಎರಡು ಸೀಮೆಗಳ ಪದ್ಧತಿ ಎದುರುಬದುರಾಯಿತು. ಹಳೆ ಮೈಸೂರು ಕಡೆಯ ಬಹಳಷ್ಟು ಜನರಿಗೆ ಮನೆತನದ ಹೆಸರು ಎಂಬುದೇ ಇಲ್ಲ. ಊರಿನದೋ ತಂದೆಯದೋ ಮೊದಲಕ್ಷರ ಇರುತ್ತದೆ, ಅಷ್ಟೆ. ಮದುವೆಯಾದ ಮೇಲೆ ತಂದೆಯ ಅಕ್ಷರ ಹೋಗಿ ಗಂಡನ ಅಕ್ಷರ ಬಂದರೆ ಅದು ಬದಲಾವಣೆ ಎಂದು ಯಾರಿಗೂ ಅನ್ನಿಸುವುದೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಹಾಗಲ್ಲ. ಅಲ್ಲಿ ಅಡ್ಡಹೆಸರು ಇದೆ; ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಮದುವೆಯಾದ ಹೆಣ್ಣುಮಗಳಿಗೆ ನಡುವಿನದೂ ಕೊನೆಯದೂ ಎರಡೂ ಬದಲಾಗುತ್ತವೆ. ಬೆಳಗಾವಿ, ಧಾರವಾಡ ಕಡೆಯ ಕೆಲವು ಮನೆತನಗಳಲ್ಲಿ ಮೊದಲನೆಯದೂ ಬದಲಾಗುತ್ತಿತ್ತು: ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಹೊಸ ಹೆಸರು ಬರೆಯುತ್ತಿದ್ದ. ಕವಿತಾ ಅವರ ವಿಷಯದಲ್ಲಿ ಅಕ್ಕಿಯ ಮೇಲೆ ಯಾರೂ ಏನೂ ಬರೆಯಲಿಲ್ಲ. ‘ಹೆಸರು ಚಂದ ಇದೆ, ಇರಲಿ. ಅಡ್ಡಹೆಸರು ಮಾತ್ರ ನಮ್ಮದು ಹಚ್ಚಿಕೋ’ ಎಂದು ಅತ್ತೆ ಹೇಳಿದ್ದರಂತೆ. ಕವಿತಾ ಆಗ ಹೂಂ ಅಂದಿರಲಿಲ್ಲ, ಉಹುಂ ಎಂದೂ ಅಂದಿರಲಿಲ್ಲ.

ಆ ಮೌನವನ್ನು ಒಪ್ಪಿಗೆ ಎಂದು ಮೊದಲು ಓದಿದ್ದು ಮನೆ. ಫೆಬ್ರುವರಿಯಲ್ಲಿ ಪ್ರಸನ್ನ ಅವರ ಚಿಕ್ಕಪ್ಪ, ಮುಂದೆ ಮನೆ ಸಾಲಕ್ಕೆ ಅನುಕೂಲವಾಗುತ್ತದೆ ಎಂದು ನವದಂಪತಿಯನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದರು. ವಿಳಾಸ ಬದಲಾವಣೆಗೆಂದು ಹೋದದ್ದು. ಹೇಗೂ ಬಂದಿದ್ದೇವೆ, ಮದುವೆ ನೋಂದಣಿ ಪ್ರಮಾಣಪತ್ರ ಕೈಯಲ್ಲೇ ಇದೆ ಎಂದು ಅದೇ ಅರ್ಜಿಯಲ್ಲಿ ಹೆಸರನ್ನೂ ‘ಕವಿತಾ ಪ್ರಸನ್ನ ದೇಸಾಯಿ’ ಮಾಡಿಸಿದರು. ಆಗ ಶುಲ್ಕ 50 ರೂಪಾಯಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಲು ಅವಕಾಶ. ಒಂದು ಅವಕಾಶ ಆ ಮಧ್ಯಾಹ್ನ ಖರ್ಚಾಯಿತು.

ಎರಡನೆಯದಾಗಿ ಓದಿದ್ದು ಕಚೇರಿ. ರಜೆ ಮುಗಿಸಿ ಬಂದ ವಾರ, ಸಿಬ್ಬಂದಿ ತಂತ್ರಾಂಶದಲ್ಲಿ ವೈವಾಹಿಕ ಸ್ಥಿತಿಯನ್ನು ಬದಲಿಸಲಾಯಿತು. ಆ ತಂತ್ರಾಂಶದಲ್ಲಿ ಉಪನಾಮದ ಕಾಲಂ ಖಾಲಿ ಬಿಡುವಂತಿಲ್ಲ. ಅಷ್ಟು ದಿನ ಅಲ್ಲಿ ಒಂದು ಚುಕ್ಕೆ ಇಟ್ಟು ಕೆಲಸ ನಡೆಸಲಾಗಿತ್ತು. ವಿಮೆಗೆಂದು ಕೊಟ್ಟ ಹೊಸ ಆಧಾರ್ ಪ್ರತಿ ನೋಡಿದ ಕಿರಿಯ ಸಹಾಯಕರು ಚುಕ್ಕೆ ತೆಗೆದು ‘ದೇಸಾಯಿ’ ಎಂದು ತುಂಬಿದರು. ತಂತ್ರಾಂಶ ತನ್ನಷ್ಟಕ್ಕೆ ಇ-ಮೇಲ್ ವಿಳಾಸ ಬದಲಿಸಿತು. ಒಂದೆರಡು ವಾರದ ನಂತರ ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು ಕಳಿಸಿದ ಪ್ರಶ್ನೆಗಳು ಹಳೆ ವಿಳಾಸದಿಂದ ವಾಪಸಾದವು. ಅವರು ಕಚೇರಿಗೆ ಫೋನ್ ಮಾಡಿದರೆ, ಹೊಸದಾಗಿ ಬಂದಿದ್ದ ಸ್ವಾಗತಕಾರಿಣಿ ಪಟ್ಟಿ ನೋಡಿ ‘ಕವಿತಾ ಎನ್ ಎನ್ನುವವರು ಇಲ್ಲಿ ಯಾರೂ ಇಲ್ಲ ಸರ್’ ಎಂದುಬಿಟ್ಟರು. ಮೂರು ಅಂತಸ್ತಿನ ಕಟ್ಟಡದ ಸ್ಲ್ಯಾಬ್ ಹಾಕುವ ಕೆಲಸ ಅಷ್ಟಕ್ಕೇ ಎರಡು ದಿನ ನಿಂತಿತು.

ಒಂದು ಮಾತು ಇಲ್ಲಿ ಸೇರಿಸಬೇಕು. ಅದೇ ಸಂಸ್ಥೆಯಲ್ಲಿ ಉಪನಾಮದ ಕಾಲಂನಲ್ಲಿ ಚುಕ್ಕೆ ಇರುವ ಗಂಡಸರು ಹಲವರಿದ್ದರು. ಅವರೂ ಮದುವೆಯಾಗಿ ರಜೆ ಮುಗಿಸಿ ಬಂದವರೇ. ಅವರ ಚುಕ್ಕೆಯನ್ನು ತುಂಬಲು ಯಾರ ಕೈಯೂ ಹೋಗಿರಲಿಲ್ಲ.

ಏಪ್ರಿಲ್‌ನಲ್ಲಿ ದುಬೈನ ಒಂದು ಯೋಜನೆ ಬರದೇ ಇದ್ದಿದ್ದರೆ ಈ ಪ್ರಕರಣ ಬಹುಶಃ ಹಾಗೆಯೇ ಇತ್ಯರ್ಥವಾಗುತ್ತಿತ್ತು. ಅಂದರೆ ಕವಿತಾ ಅವರು ಏನನ್ನೂ ನಿರ್ಧರಿಸದೆಯೇ ಕವಿತಾ ದೇಸಾಯಿ ಆಗಿಬಿಡುತ್ತಿದ್ದರು. ಜೂನ್ ಕೊನೆಗೆ ಅವರು ಅಲ್ಲಿಗೆ ಹೋಗಬೇಕಿತ್ತು. ಪಾಸ್‌ಪೋರ್ಟ್ ತೆಗೆದು ನೋಡಿದರೆ ಹೆಸರಿನ ಜಾಗದಲ್ಲಿ ‘ಕವಿತಾ’, ಉಪನಾಮದ ಜಾಗ ಖಾಲಿ. ಇನಿಷಿಯಲ್ ಹಾಗೆಯೇ ಹಾಕುವಂತಿಲ್ಲ, ಬಿಡಿಸಿ ಬರೆಯಿರಿ ಅಂದಾಗ ಅದನ್ನು ಬಿಟ್ಟೇಬಿಟ್ಟ ಎಷ್ಟೋ ಕನ್ನಡಿಗರ ಪಾಸ್‌ಪೋರ್ಟ್ ಹೀಗೆಯೇ ಇದೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್ 21ರಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು ಇರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂಬ ನಿಯಮ ತಂದಿತ್ತು. ತಂದೆಯ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಕೆಲವರಿಗೆ ವಿನಾಯಿತಿ ಉಂಟು ಎಂಬ ಸ್ಪಷ್ಟನೆಯೂ ಬಂದಿತ್ತು. ಆದರೆ ಟ್ರಾವೆಲ್ ಏಜೆಂಟ್ ಅದನ್ನು ನಂಬಿ ಟಿಕೆಟ್ ಮಾಡಲು ಒಪ್ಪಲಿಲ್ಲ. ಉಪನಾಮ ತುಂಬಿಸಿಯೇ ತರಬೇಕು ಎಂದರು.

ತುಂಬಿಸುವುದು ಏನನ್ನು? ಆಗ ಮೊದಲ ಬಾರಿಗೆ ಪ್ರಶ್ನೆ ಯಾರಿಗೆ ಸೇರಬೇಕಿತ್ತೋ ಅವರ ಬಳಿ ಬಂತು.

ಕವಿತಾ ಕಡತ ಹಿಡಿದು ನನ್ನ ಬಳಿ ಬಂದಾಗ ಭಾವನೆಯ ಮಾತು ಪಕ್ಕಕ್ಕಿಟ್ಟು ಎರಡೂ ದಾರಿಗಳನ್ನು ದಾಖಲೆಗಳ ಲೆಕ್ಕದಲ್ಲೇ ಬರೆದು ನೋಡಿದೆವು. ಮೊದಲ ದಾರಿ, ಪಾಸ್‌ಪೋರ್ಟಿಗೂ ದೇಸಾಯಿ ಎಂದೇ ಹಾಕಿಸುವುದು. ಆಧಾರ್ ಆಗಲೇ ಹಾಗಿದೆ, ಆದ್ದರಿಂದ ಸುಲಭ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಆಗ ಪ್ಯಾನ್, ಪಿಎಫ್ ಖಾತೆಯ ಗುರುತಿನ ಸಂಖ್ಯೆಯಾದ ಯುಎಎನ್, ಬ್ಯಾಂಕ್ ಖಾತೆ, ವಿಮೆ, ಪಾಲಿಕೆಯ ಪರವಾನಗಿ ಎಲ್ಲವನ್ನೂ ಬದಲಿಸಬೇಕು. ಅದೆಲ್ಲ ಮುಗಿದ ಮೇಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಹಳೆಯ ಹೆಸರಿನಲ್ಲೇ ಉಳಿಯುತ್ತವೆ. ಮದುವೆಯಾಯಿತೆಂದು ಮಂಡಳಿಯೂ ವಿಶ್ವವಿದ್ಯಾಲಯವೂ ಅವನ್ನು ಬದಲಿಸಿಕೊಡುವುದಿಲ್ಲ. ಜೊತೆಗೆ ಸಹಿ ಮಾಡಿದ ನೂರಾರು ನಕ್ಷೆಗಳಿವೆ. ಕಟ್ಟಡ ಇರುವಷ್ಟು ಕಾಲ ಆ ನಕ್ಷೆಗಳಿಗೆ ಆಯುಸ್ಸು. ಹತ್ತು ವರ್ಷದ ನಂತರ ಬಿರುಕು ಬಿಟ್ಟ ತೊಲೆಯ ಬಗ್ಗೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ಕವಿತಾ ಎನ್. ಹಾಗೆಯೇ, ಗಟ್ಟಿಯಾಗಿ ನಿಂತ ಕಟ್ಟಡದ ಹೆಸರೂ ಅವರಿಗೇ ಸಲ್ಲಬೇಕು.

ಎರಡನೆಯ ದಾರಿ, ಪಾಸ್‌ಪೋರ್ಟಿಗೆ ‘ನಾಗರಾಜ’ ಸೇರಿಸುವುದು. ಪ್ಯಾನ್, ಯುಎಎನ್, ಬ್ಯಾಂಕ್ ಎಲ್ಲ ‘ಕವಿತಾ ನಾಗರಾಜ’ ಎಂದೇ ಇವೆ. ಬದಲಿಸಬೇಕಾದದ್ದು ಆಧಾರ್ ಒಂದನ್ನೇ, ಆದರೆ ಅಲ್ಲಿ ಉಳಿದಿರುವುದು ಕೊನೆಯ ಅವಕಾಶ. ಹಾಗೆ ನೋಡಿದರೆ ಇದನ್ನೂ ಹಳೆಯ ಹೆಸರು ಉಳಿಸಿಕೊಂಡದ್ದು ಎನ್ನಲು ಬರುವುದಿಲ್ಲ. ಓದಿದ್ದು, ಸಹಿ ಮಾಡಿದ್ದು ‘ಎನ್’ ಎಂದು. ಆ ಎನ್ ಅನ್ನು ಸರ್ಕಾರಿ ಕಾಲಂಗಳು ಹಿಗ್ಗಿಸಿ ನಾಗರಾಜ ಮಾಡಿದವು. ತಂದೆಯ ಹೆಸರೋ ಗಂಡನ ಮನೆಯ ಹೆಸರೋ ಎಂದು ಆರಿಸಿಕೊಳ್ಳುವುದು ಹೆಣ್ಣಿನ ಸ್ವಂತ ಹೆಸರಿನ ಪ್ರಶ್ನೆಯೇ ಅಲ್ಲ ಎನ್ನುವವರಿದ್ದಾರೆ. ಮಾತು ನಿಜ. ಆದರೆ ಮೊದಲ ಸಂಬಳದಿಂದ ಇಲ್ಲಿಯವರೆಗೆ ಆ ಅಕ್ಷರವನ್ನು ದುಡಿದು ತನ್ನದು ಮಾಡಿಕೊಂಡವರು ಕವಿತಾ, ಅವರ ತಂದೆಯಲ್ಲ.

ಗಂಡನ ಹೆಸರು ದಾಖಲೆಯಲ್ಲಿ ಬರಬೇಕಾದರೆ ತನ್ನ ಹೆಸರನ್ನೇ ಬದಲಿಸಬೇಕು ಎಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ತಪ್ಪು ತಿಳಿವಳಿಕೆ. ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರಿಗೆ ಪ್ರತ್ಯೇಕ ಜಾಗವಿದೆ. ಮದುವೆಯ ನಂತರ ಹೆಣ್ಣುಮಕ್ಕಳು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕಾಗಿಲ್ಲ ಎಂದು 2017ರ ಏಪ್ರಿಲ್‌ನಲ್ಲಿ ಪ್ರಧಾನಿಯೇ ಹೇಳಿದ್ದರು. ಪ್ಯಾನ್ ಕಾರ್ಡಿನ ಮೇಲೆ ಸಾಮಾನ್ಯವಾಗಿ ಇರುವುದು ತಂದೆಯ ಹೆಸರು, ಮದುವೆಯಾದರೂ ಅದೇ. ಮದುವೆಯ ಕಾರಣಕ್ಕೆ ಹೆಸರು ಬದಲಿಸಲೇಬೇಕೆಂದು ಹೇಳುವ ಕಾನೂನು ಈ ದೇಶದಲ್ಲಿ ಇಲ್ಲ. ಜಂಟಿ ಸಾಲಕ್ಕೆ ಬ್ಯಾಂಕಿಗೆ ಬೇಕಾದದ್ದು ಮದುವೆಯ ಪ್ರಮಾಣಪತ್ರ, ಇಬ್ಬರ ಆದಾಯದ ದಾಖಲೆ. ಪ್ರಸನ್ನ ಅವರು ಇದನ್ನು ತಿಳಿದ ದಿನವೇ ‘ಹಾಗಾದರೆ ಚಿಕ್ಕಪ್ಪ ನಮ್ಮನ್ನು ಯಾಕೆ ಕರೆದುಕೊಂಡು ಹೋದರು?’ ಎಂದು ನಕ್ಕರಂತೆ. ಅವರಿಗೆ ಯಾವ ಹೆಸರಾದರೂ ಸರಿಯೇ ಇತ್ತು. ಒಳ್ಳೆಯ ಮನುಷ್ಯ, ಆದರೆ ‘ನಿನಗೆ ಹೇಗೆ ಬೇಕೋ ಹಾಗೆ ಮಾಡು’ ಎಂಬ ಮಾತಿನ ಒಳಗೆ, ಓಡಾಡುವವಳು ನೀನೇ ಎಂಬ ಇನ್ನೊಂದು ಮಾತೂ ಇರುತ್ತದೆ.

ಓಡಾಟ ಶುರುವಾದಾಗ ನಡುವೆ ಬಂದದ್ದು ಪ್ಯಾನ್–ಆಧಾರ್ ಜೋಡಣೆ. ಗಡುವು ಮತ್ತೆಮತ್ತೆ ಮುಂದಕ್ಕೆ ಹೋಗುತ್ತಿದ್ದುದರಿಂದ ಕವಿತಾ ಕೂಡ ಅದನ್ನು ಮುಂದೂಡುತ್ತಲೇ ಬಂದಿದ್ದರು. 2023ರ ಜೂನ್ 30 ಕೊನೆಯ ದಿನ, ತಡ ಶುಲ್ಕ 1,000 ರೂಪಾಯಿ. ಒಂದರಲ್ಲಿ ನಾಗರಾಜ, ಇನ್ನೊಂದರಲ್ಲಿ ಪ್ರಸನ್ನ ದೇಸಾಯಿ. ಜೋಡಣೆ ಸಾಧ್ಯವಾಗಲಿಲ್ಲ. ಆಧಾರ್ ವಾಪಸು ಬದಲಿಸಲು ಮೇ ಕೊನೆಯಲ್ಲಿ ಹೋದರೆ, ಆಧಾರವಾಗಿ ಕೊಟ್ಟ ಅಂಕಪಟ್ಟಿಯಲ್ಲಿ ‘ಎನ್.’ ಎಂದಷ್ಟೇ ಇದೆ ಎಂದು ಅರ್ಜಿ ತಿರಸ್ಕೃತವಾಯಿತು. ಎರಡನೆಯ ಸಲ ಪ್ಯಾನ್ ಕಾರ್ಡನ್ನೇ ಪುರಾವೆಯಾಗಿ ಕೊಟ್ಟರು, ಅಂಗೀಕಾರವಾಯಿತು. ಚಿಕ್ಕಪ್ಪನ ಉತ್ಸಾಹ ಪ್ಯಾನ್‌ವರೆಗೂ ಹೋಗಿದ್ದರೆ ಹಿಂತಿರುಗುವ ಈ ದಾರಿಯೇ ಮುಚ್ಚಿರುತ್ತಿತ್ತು. ಆದರೆ ಅಷ್ಟರಲ್ಲಿ ಜುಲೈ ಬಂದಿತ್ತು. ಜೋಡಣೆಯಾಗದ ಪ್ಯಾನ್ ಜುಲೈ 1ರಿಂದ ನಿಷ್ಕ್ರಿಯ. ನಿಷ್ಕ್ರಿಯ ಪ್ಯಾನ್ ಇರುವವರ ಸಂಬಳದಲ್ಲಿ ಕನಿಷ್ಠ ಶೇ 20ರಷ್ಟು ತೆರಿಗೆ ಕಡಿತ ಮಾಡಬೇಕು. ಆ ತಿಂಗಳ ಸಂಬಳ ಮಾಡಿದವರು ನಾವೇ. ಕಡಿತವಾದ ಮೊತ್ತ ನೋಡಿ ಕವಿತಾ ಏನೂ ಮಾತನಾಡಲಿಲ್ಲ. ರಿಟರ್ನ್ಸ್ ಸಲ್ಲಿಸಿದಾಗ ಹಣ ಹಿಂದೆ ಬರುತ್ತದೆ, ನಿಜ. ಮನೆ ಬಾಡಿಗೆ ಅಲ್ಲಿಯವರೆಗೆ ಕಾಯುವುದಿಲ್ಲ.

ಜೂನ್‌ನ ದುಬೈ ಪ್ರವಾಸಕ್ಕೆ ಅವರ ಬದಲು ಕಿರಿಯ ಸಹೋದ್ಯೋಗಿಯೊಬ್ಬರು ಹೋದರು. ಪಾಸ್‌ಪೋರ್ಟ್ ಮರುವಿತರಣೆಯ 1,500 ರೂಪಾಯಿ, ಜೋಡಣೆಯ 1,000, ನೋಟರಿ, ಅರ್ಧ ದಿನದ ರಜೆಗಳು ಇವೆಲ್ಲ ಲೆಕ್ಕಕ್ಕೆ ಸಿಗುವ ಖರ್ಚು. ಯೋಜನೆಯ ಮೊದಲ ಸಭೆಯಲ್ಲಿ ಕುಳಿತವರೇ ಆಮೇಲೂ ಅದರ ಮುಖವಾದರು. ಆ ನಷ್ಟವನ್ನು ಯಾವ ಕಾಲಂನಲ್ಲಿ ತೋರಿಸುವುದು ಎಂದು ನನಗೆ ಇನ್ನೂ ತಿಳಿದಿಲ್ಲ.

ಆ ದಿನಗಳಲ್ಲಿ ಹೆಸರಿನ ಪಾಡು ಕವಿತಾ ಒಬ್ಬರದೇ ಆಗಿರಲಿಲ್ಲ. ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ, ಪಡಿತರ ಚೀಟಿಯಲ್ಲಿ ಒಂದು, ಆಧಾರ್‌ನಲ್ಲಿ ಮತ್ತೊಂದು, ಬ್ಯಾಂಕ್ ಪುಸ್ತಕದಲ್ಲಿ ಮಗದೊಂದು ಹೆಸರಿರುವ ಹೆಂಗಸರು ಕೇಂದ್ರಗಳ ಮುಂದೆ ಸಾಲುಗಟ್ಟಿದ್ದರು. ಇದಕ್ಕೆ ಹಳೆಯ ಬೇರುಗಳಿವೆ. 1951–52ರ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರನ್ನು ಕೈಬಿಡಬೇಕಾಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬಿಟ್ಟರೆ ಸ್ವಂತ ಹೆಸರನ್ನು ಅವರು ಹೇಳಿರಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್, ಹಾಗೆ ಬರೆದುಕೊಂಡ ನಮೂದುಗಳನ್ನು ಉಳಿಸಲು ಒಪ್ಪಲಿಲ್ಲ.

ಕಚೇರಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ. ಲೆಕ್ಕಪತ್ರ ವಿಭಾಗದ ಹಿರಿಯ ಮೇಡಂ ತೊಂಬತ್ತರ ದಶಕದಲ್ಲೇ ಗಂಡನ ಹೆಸರು ಸೇರಿಸಿಕೊಂಡವರು. ನಂತರ ವಿಚ್ಛೇದನವಾಯಿತು. ಹೆಸರನ್ನು ಬಿಡಲಿಲ್ಲ. ಊಟದ ಹೊತ್ತಿನಲ್ಲಿ ಕವಿತಾ ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟು: ‘ಆ ಹೆಸರಿನಲ್ಲಿ ನಾನು ಎಷ್ಟು ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿದ್ದೇನೆ ಗೊತ್ತಾ? ಅದು ಅವರದ್ದಲ್ಲಮ್ಮ, ನನ್ನದು.’ ಇನ್ನೊಬ್ಬ ಯುವತಿ, ತಂದೆಯ ನೆನಪೇ ಬೇಡವೆಂದು, ಮದುವೆಯಾದ ತಿಂಗಳೊಳಗೆ ಸಂತೋಷದಿಂದ ಹೆಸರು ಬದಲಿಸಿಕೊಂಡಿದ್ದರು. ಬದಲಿಸಿದವರೆಲ್ಲ ಸೋತವರು, ಉಳಿಸಿಕೊಂಡವರೆಲ್ಲ ಗೆದ್ದವರು ಎಂಬ ಲೆಕ್ಕ ಕಡತಗಳಲ್ಲಿ ಸಿಗುವುದಿಲ್ಲ.

ನಾನು ನಿರೀಕ್ಷಿಸದೇ ಇದ್ದದ್ದು ಧಾರವಾಡದಿಂದ ಬಂತು. ಆಧಾರ್ ವಾಪಸು ಬದಲಾದ ಸುದ್ದಿ ತಿಳಿದು ಅತ್ತೆ ಕೆಲವು ದಿನ ಸೊಸೆಯೊಂದಿಗೆ ನೆಟ್ಟಗೆ ಮಾತನಾಡಲಿಲ್ಲ. ಆಮೇಲೆ ಬೆಂಗಳೂರಿಗೆ ಬಂದಾಗ ತಾವೇ ವಿಷಯ ತೆಗೆದರು. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಮದುವೆಗೆ ಮೊದಲೇ ಟಿಸಿಎಚ್ ಎಂಬ ಶಿಕ್ಷಕ ತರಬೇತಿ ಮುಗಿಸಿ ನೌಕರಿಗೆ ಸೇರಿದ್ದರಿಂದ ಸೇವಾ ಪುಸ್ತಕದಲ್ಲಿ ತವರಿನ ಹೆಸರು. ಅಕ್ಕಿಯಲ್ಲಿ ಬರೆದ ಹೆಸರು ಬೇರೆ. ಮೂವತ್ತು ವರ್ಷ ಮಕ್ಕಳು, ಊರವರು ಕರೆದದ್ದು ಎರಡನೆಯ ಹೆಸರಿನಿಂದ, ಸಂಬಳ ಬಂದದ್ದು ಮೊದಲನೆಯದಕ್ಕೆ. ನಿವೃತ್ತಿಯಾದಾಗ ಪಿಂಚಣಿ ಕಾಗದ ಪತ್ರದಲ್ಲಿ ತೊಡಕಾಗಿ, ಈ ಎರಡೂ ಹೆಸರಿನವರು ಒಬ್ಬರೇ ಎಂದು ಅಫಿಡವಿಟ್ ಮಾಡಿಸಲು ಗಂಡನನ್ನು ಕಟ್ಟಿಕೊಂಡು ನೋಟರಿಯ ಬಳಿ ಅಲೆದಿದ್ದರು. ‘ನಾನು ನಾನೇ ಅಂತ ಹೇಳಲಿಕ್ಕೆ ಇಬ್ಬರು ಸಾಕ್ಷಿ ಬೇಕಾದರು ನೋಡು’ ಎಂದರಂತೆ. ಹಾಗೆಂದು ಸೊಸೆ ಮಾಡಿದ್ದು ಸರಿ ಎಂದು ಅವರು ಹೇಳಲಿಲ್ಲ. ಮಗನ ಮನೆಯ ನಾಮಫಲಕದಲ್ಲಿ ದೇಸಾಯಿ ಎಂದಿರಬೇಕು ಎಂಬುದನ್ನು ಬಿಟ್ಟುಕೊಡಲೂ ಇಲ್ಲ. ಅದಕ್ಕೆ ಕವಿತಾ ಒಪ್ಪಿದರು. ನಾಮಫಲಕಕ್ಕೆ ಯಾವ ಪುರಾವೆಯೂ ಬೇಕಾಗಿಲ್ಲ.

ನನ್ನ ಅಭಿಪ್ರಾಯ ಕೇಳಿದ್ದರಿಂದ ಹೇಳಿದ್ದೆ: ಕೆಲಸದಲ್ಲಿ ಗಳಿಸಿದ ಹೆಸರನ್ನು ಮದುವೆಯ ಸಂಭ್ರಮದ ವಾರಗಳಲ್ಲಿ ಮುಟ್ಟಬಾರದು. ಬದಲಿಸುವುದೇ ಆದರೆ ಎಲ್ಲ ದಾಖಲೆಗಳಲ್ಲಿ, ಒಂದು ಕ್ರಮದಲ್ಲಿ, ಒಂದು ವರ್ಷದ ಕೆಲಸ ಎಂದುಕೊಂಡು ಬದಲಿಸಬೇಕು. ಆಧಾರ್‌ನಿಂದ ಶುರು ಮಾಡುವುದಂತೂ ಬೇಡ. ಅಲ್ಲಿ ಎರಡೂ ಅವಕಾಶ ಮುಗಿದ ಮೇಲೆ ಪ್ರಾದೇಶಿಕ ಕಚೇರಿಗೆ ವಿಶೇಷ ಮನವಿ ಮಾಡಿಕೊಳ್ಳಬೇಕಾಗುತ್ತದೆ. ಕವಿತಾ ಅವರ ಪ್ರಕರಣ ಗೆಜೆಟ್‌ವರೆಗೆ, ಅಂದರೆ ಹೆಸರು ಬದಲಾವಣೆಯನ್ನು ಸರ್ಕಾರಿ ರಾಜಪತ್ರದಲ್ಲಿ ಪ್ರಕಟಿಸುವವರೆಗೆ, ಹೋಗಲಿಲ್ಲ ಎಂಬುದು ಅದೃಷ್ಟ. ಹೋಗಿದ್ದರೆ ಹಿಂತಿರುಗುವುದು ಇನ್ನೂ ಕಷ್ಟವಾಗುತ್ತಿತ್ತು: ಮದುವೆಯಾದವಳು ತವರಿನ ಹೆಸರಿಗೆ ಮರಳಬೇಕಾದರೆ ಗಂಡನ ನಿರಾಕ್ಷೇಪಣಾ ಪತ್ರ ಇಲ್ಲವೇ ವಿಚ್ಛೇದನದ ಆದೇಶ ತರಬೇಕು ಎಂಬ ಕೇಂದ್ರ ಸರ್ಕಾರದ ಷರತ್ತನ್ನು ಪ್ರಶ್ನಿಸಿ 2024ರಲ್ಲಿ ಮಹಿಳೆಯೊಬ್ಬರು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು. ಹೋಗುವಾಗ ಯಾರ ಅನುಮತಿಯನ್ನೂ ಕೇಳದ ಬಾಗಿಲು, ಬರುವಾಗ ಗಂಡನ ಸಹಿ ಕೇಳುತ್ತದೆ.

ಸಂಸ್ಥೆಯಲ್ಲಿ ಆದ ಬದಲಾವಣೆ ಸಣ್ಣದು. ಸಿಬ್ಬಂದಿ ಅರ್ಜಿಯಲ್ಲಿ ‘ಕೆಲಸದಲ್ಲಿ ಬಳಸುವ ಹೆಸರು’ ಎಂಬ ಪ್ರತ್ಯೇಕ ಸಾಲು ಸೇರಿತು. ಇ-ಮೇಲ್, ಗುರುತಿನ ಚೀಟಿ, ನಕ್ಷೆಯ ಸಹಿ ಪಟ್ಟಿ ಆ ಸಾಲನ್ನೇ ಅನುಸರಿಸುತ್ತವೆ. ಸಂಬಳ, ತೆರಿಗೆ, ಪಿಎಫ್ ಮಾತ್ರ ಆಧಾರ್, ಪ್ಯಾನ್‌ನಲ್ಲಿ ಇರುವ ಹೆಸರನ್ನು. ನೌಕರರು ಲಿಖಿತವಾಗಿ ಕೇಳದೆ ಆ ಸಾಲನ್ನು ಯಾರೂ ಮುಟ್ಟುವಂತಿಲ್ಲ. ವೈವಾಹಿಕ ಸ್ಥಿತಿಗೂ ಅದಕ್ಕೂ ಇದ್ದ ಕೊಂಡಿಯನ್ನು ತಂತ್ರಾಂಶದವರಿಗೆ ಹೇಳಿ ಕಡಿಸಲು ಮೂರು ತಿಂಗಳು ಹಿಡಿಯಿತು. ಯಾರೂ ಇದುವರೆಗೆ ಕೇಳಿರಲಿಲ್ಲವಂತೆ. ಹೊಸ ಸಾಲನ್ನು ಮೊದಲು ಬಳಸಿಕೊಂಡವರು ಒಬ್ಬ ಗಂಡಸು. ಅಂಕಪಟ್ಟಿಯಲ್ಲಿದ್ದ ಜಾತಿಸೂಚಕ ಪದವನ್ನು ಕಚೇರಿಯಲ್ಲಾದರೂ ಬಿಡಬೇಕೆಂದು ಅವರಿಗೆ ಬಹಳ ದಿನದಿಂದ ಇತ್ತು.

ಕವಿತಾ ಅಕ್ಟೋಬರ್‌ನಲ್ಲಿ ದುಬೈಗೆ ಹೋಗಿ ಬಂದರು. ಪಾಸ್‌ಪೋರ್ಟಿನಲ್ಲಿ ಹೆಸರು ಕವಿತಾ, ಉಪನಾಮ ನಾಗರಾಜ, ಸಂಗಾತಿಯ ಜಾಗದಲ್ಲಿ ಪ್ರಸನ್ನ. ನಕ್ಷೆಗಳ ಮೇಲೆ ಮೊದಲಿನಂತೆ ಕವಿತಾ ಎನ್. ಧಾರವಾಡದಿಂದ ಬರುವ ಲಗ್ನಪತ್ರಿಕೆಗಳ ಮೇಲೆ ‘ಸೌ. ಕವಿತಾ ಪ್ರಸನ್ನ ದೇಸಾಯಿ’ ಎಂದೇ ಇರುತ್ತದೆ; ಅದನ್ನು ತಿದ್ದಲು ಅವರು ಹೋಗಿಲ್ಲ, ತಿದ್ದಬೇಕೆಂದು ಅನ್ನಿಸಿಯೂ ಇಲ್ಲವಂತೆ. ಮನೆ ಸಾಲ ಮಂಜೂರಾಯಿತು. ನಡುವೆ ನಾಲ್ಕೈದು ತಿಂಗಳು ಚಾಲ್ತಿಯಲ್ಲಿದ್ದ ಆಧಾರ್ ಪ್ರತಿಯನ್ನು ಬ್ಯಾಂಕ್ ಮೊದಲೇ ಪಡೆದಿದ್ದರಿಂದ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಅಫಿಡವಿಟ್ ಒಂದನ್ನು ಆ ಕಡತಕ್ಕೆ ಕೊಡಬೇಕಾಯಿತು. ಅದರ ಕರಡನ್ನು ಬರೆಸಿಕೊಟ್ಟವರು ಅವರ ಅತ್ತೆ. ಒಕ್ಕಣೆ ಅವರಿಗೆ ಬಾಯಿಪಾಠವಿತ್ತು.